ಜೆರೆಜಾಕ್: ಭಯವು ಕಾಪಾಡಿದ ಕಾಡು

ಮಲೇಷ್ಯಾದ ಪೆನಾಂಗ್ ದ್ವೀಪಕ್ಕೂ ಅದರ ಪೂರ್ವದಿಕ್ಕಿನ ಮಲಯ ನೆಲಕ್ಕೂ ನಡುವಣ ಕಿರುಗಡಲಿನಲ್ಲಿ, ಸುಮಾರು ಮೂರೂವರೆ ಚದರ ಕಿಲೋಮೀಟರಿನಷ್ಟೇ ವಿಸ್ತಾರವುಳ್ಳದ್ದಾಗಿ, ನೀರಂಚಿನಿಂದ ಗುಡ್ಡದ ನೆತ್ತಿಯವರೆಗೆ ದಟ್ಟವಾದ ಹಸುರನ್ನು ಹೊದ್ದಿರುವ ನಡುಗಡ್ಡೆಯೇ ಜೆರೆಜಾಕ್. ಪೆನಾಂಗಿನ ದಡದಲ್ಲಿ ಕಾರ್ಖಾನೆಗಳೂ ಬಹುಮಹಡಿಯ ಸೌಧಗಳೂ ಒತ್ತೊತ್ತಾಗಿ ನಿಂತಿವೆ. ಅಲ್ಲಿಂದ ದೋಣಿ ಹತ್ತಿದರೆ ಕೆಲವೇ ನಿಮಿಷಗಳ ಹಾದಿ. ಸಂಪದ್ಭರಿತವಾದ ನಗರವೊಂದರ ಮಗ್ಗುಲಲ್ಲೇ ಇದ್ದೂ ಈ ಅರಣ್ಯ ಕೊಡಲಿಗೆ ಸಿಕ್ಕದೆ ಉಳಿದುದಕ್ಕೆ ಕಾರಣ ವೃಕ್ಷಪ್ರೀತಿಗಿಂತ ಹೆಚ್ಚಾಗಿ ರೋಗಭೀತಿ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಂಗ್ಲ ಆಡಳಿತವು ಇಲ್ಲಿ ಮೊದಲು ಕುಷ್ಠರೋಗಿಗಳಿಗೆ ಆಶ್ರಯವನ್ನು ಕಟ್ಟಿಸಿತು. ಅನಂತರ ಹಡಗಿನಿಂದಿಳಿಯುವವರನ್ನು ತಡೆದಿರಿಸುವ ಕ್ವಾರಂಟೈನ್ ಠಾಣೆ ಬಂದಿತು. ಮಲಯದ ತೋಟಗಳಿಗೆ ಕೂಲಿಗಳು ಬೇಕಾಗಿದ್ದರು. ಮದರಾಸು, ನಾಗಪಟ್ಟಣಗಳ ರೇವುಗಳಿಂದ ಅವರನ್ನು ತುಂಬಿಕೊಂಡು ಹಡಗುಗಳು ಬರುತ್ತಿದ್ದುವು. ಜನರೊಡನೆ ಕಾಲರಾ, ಸಿಡುಬುಗಳೂ ಟಿಕೀಟಿಲ್ಲದೆ ಬರುತ್ತಿದ್ದುವು.

ರೋಗದ ಶಂಕೆಯಿದ್ದ ಹಡಗು ಹಳದಿ ಬಾವುಟವನ್ನೇರಿಸಿ ಲಂಗರು ಹಾಕಬೇಕು. ವೈದ್ಯನು ಬಂದು ನೋಡಬೇಕು. ಆತನ ಅಪ್ಪಣೆಯಾಗದೆ ಯಾರೂ ನೆಲ ಮುಟ್ಟುವಂತಿಲ್ಲ. ಗಂಟು ಬಿಚ್ಚಿಸಿ ಬಟ್ಟೆಬರೆಯನ್ನು ಹಬೆಯಲ್ಲಿ ಶುದ್ಧಿಗೊಳಿಸುವುದು, ಕ್ರಿಮಿನಾಶಕ ಬೆರೆಸಿದ ನೀರಿನಲ್ಲಿ ಮೈ ತೊಳೆಸುವುದು, ತೋಳಿಗೆ ಸಿಡುಬಿನ ದೇವಿ ಹಾಕುವುದು, ಆಮೇಲೆ ದಿನವೆಣಿಸುತ್ತ ಕಾಯಿಸುವುದು: ಇದು ಆ ಕಾಲದ ಇಂತಹ ಠಾಣೆಗಳ ಕ್ರಮ. ರೋಗವು ಮೈಯಲ್ಲಿ ಅಡಗಿರಬಹುದಾದ ಅವಧಿಯೇ ಈ ಲೆಕ್ಕಕ್ಕೆ ಆಧಾರ. 1926ರ ಅಂತರರಾಷ್ಟ್ರೀಯ ನೈರ್ಮಲ್ಯ ಒಪ್ಪಂದವು ಕಾಲರಾಕ್ಕೆ 5, ಪ್ಲೇಗಿಗೆ 6, ಸಿಡುಬಿಗೆ 14 ದಿನಗಳೆಂದು ಅದನ್ನು ನಿಗದಿಪಡಿಸಿತು. ಶಾಸ್ತ್ರವು ಎಲ್ಲರಿಗೂ ಒಂದೇ. ಆದರೆ ವಸಾಹತಿನ ರೇವುಗಳಲ್ಲಿ ಈ ಬಿಗಿಯೆಲ್ಲ ಎರಗುತ್ತಿದ್ದುದು ಬಯಲು ಡೆಕ್ಕಿನಲ್ಲಿ ಚಾಪೆ ಹಾಸಿ ಬಂದವರ ಮೇಲೆ. ಕ್ಯಾಬಿನ್ನಿನ ಪ್ರಯಾಣಿಕರಿಗೆ ವೈದ್ಯನ ಕಣ್ಣೋಟವೇ ಬಹುಮಟ್ಟಿಗೆ ಸಾಕಾಗುತ್ತಿತ್ತು.

ರೋಗಿಗಳ ಈ ದ್ವೀಪದಲ್ಲಿ ಯುದ್ಧದಲ್ಲಿ ಮಡಿದವರೂ ಮಲಗಿದ್ದಾರೆ. 1914ರ ಸೆಪ್ಟೆಂಬರಿನಲ್ಲಿ ಮದರಾಸಿನ ಮೇಲೆ ಗುಂಡು ಸುರಿಸಿದ ಜರ್ಮನರ ಎಂಡೆನ್ ನೌಕೆಯು, ಹುಸಿ ಹೊಗೆಗೊಳವೆಯೊಂದನ್ನು ನಿಲ್ಲಿಸಿಕೊಂಡು ವೇಷ ಮರೆಸಿ, ಅಕ್ಟೋಬರ್ 28ರ ನಸುಕಿನಲ್ಲಿ ಪೆನಾಂಗಿನ ಬಂದರನ್ನು ಹೊಕ್ಕು ರಷ್ಯದ ಜೆಮ್ಚುಗ್ ಎಂಬ ಯುದ್ಧನೌಕೆಯನ್ನು ಮುಳುಗಿಸಿತು. ಸತ್ತ ನಾವಿಕರಲ್ಲಿ ಕೆಲವರ ಸಮಾಧಿಗಳು ಜೆರೆಜಾಕಿನಲ್ಲಿವೆ. ಎರಡನೆಯ ಮಹಾಯುದ್ಧದ ತರುವಾಯ ಕ್ಷಯರೋಗಿಗಳು ಬಂದರು, 1969ರಲ್ಲಿ ಸೆರೆಮನೆಯಾಯಿತು, 1993ರಲ್ಲಿ ಅದೂ ಮುಚ್ಚಿತು. ನಾಡು ಕಾಲಕಾಲಕ್ಕೆ ಯಾರಿಗೆ ಅಂಜಿತೋ ಅವರನ್ನೆಲ್ಲ ಈ ನೀರು ದಾಟಿಸಿ ನಿಶ್ಚಿಂತವಾಯಿತು.

ಈಗ ಇಲ್ಲಿಗೆ ಬರುವವನು ಕಾಲುದಾರಿ ಹಿಡಿದು ಕಾಡನ್ನು ಹೊಕ್ಕರೆ, ಹಳೆಯ ಕಟ್ಟಡಗಳ ಬಿರುಕುಗಳಲ್ಲಿ ಬೇರೂರಿದ ಮರಗಳನ್ನೂ, ಮೇಲ್ಗಡೆ ಸುತ್ತುಹಾಕುವ ಬಿಳಿಯೊಡಲಿನ ಕಡಲಹದ್ದನ್ನೂ ಕಾಣಬಹುದು. ಸೆರೆಮನೆಯ ಕಾಲ ಮುಗಿದ ಮೇಲೆ ವಿಹಾರಧಾಮವೊಂದು ತೆರೆದು ಕೆಲವು ವರ್ಷ ನಡೆಯಿತು. ವಸತಿ ಸಮುಚ್ಚಯಗಳನ್ನೆಬ್ಬಿಸುವ ಯೋಜನೆಯೂ ಹುಟ್ಟಿ, ಪೆನಾಂಗಿನ ಪರಿಸರಾಸಕ್ತರ ವಿರೋಧವನ್ನು ಎದುರಿಸಿತು. ಒಂದು ಕಾಲಕ್ಕೆ ಬೇಡದವರಿಗೆ ಮೀಸಲಾಗಿದ್ದ ಏಕಾಂತಕ್ಕೆ ಇಂದು ಚದರಡಿಯ ಲೆಕ್ಕದಲ್ಲಿ ಬೆಲೆ ಕಟ್ಟಲಾಗುತ್ತಿದೆ. ಭಯವು ನೂರು ವರ್ಷಗಳಿಗೂ ಮಿಕ್ಕು ಕಾದ ಈ ಕಾಡನ್ನು ಇನ್ನು ಮುಂದೆ ವಿವೇಕವೇ ಕಾಯಬೇಕಾಗಿದೆ. ಆ ಕೆಲಸ ಮೊದಲಿನದಕ್ಕಿಂತ ಕಠಿನವಾದುದು.