ಸೆಕೆಂಡ್ ಹ್ಯಾಂಡ್ ಸ್ಯಾನ್ ಸ್ಟಾರ್ಮ್ ತಗೋಬಹುದಾ?

ಎರಡೇ ಸೀಟು. ಮೇಲೆ ಮಡಚೋ ಬಟ್ಟೆ ಟಾಪು.
ಸೆಕೆಂಡ್ ಹ್ಯಾಂಡ್ ಸಿಕ್ಕರೆ ತಗೋತೀರಾ?

ಇದು ಸ್ಯಾನ್ ಸ್ಟಾರ್ಮ್.
ಗೋವಾದಲ್ಲಿ ತಯಾರಾಗ್ತಿದ್ದ ಕಾರು.
1.2 ಲೀಟರ್ ರೆನೋ ಎಂಜಿನ್, ಫೈಬರ್ ಬಾಡಿ.
ನೋಟಕ್ಕೆ ಸ್ಪೋರ್ಟ್ಸ್ ಕಾರು. ಓಟ ಅಷ್ಟಕ್ಕಷ್ಟೇ ಬಿಡಿ!

ಫೈಬರ್‌ಗೆ ತುಕ್ಕು ಹಿಡಿಯಲ್ಲ.
ಆದ್ರೆ ಬಿರುಕು ಬಿಡುತ್ತೆ.
ಹೆಂಚು, ಇಟ್ಟಿಗೆ ಮಾಡೋ ಮಾಲೂರಿನೋರಿಗೆ ಹೇಳಿಕೊಡಬೇಕಾ?
ಹೆಂಚು ತಟ್ಟಿ ನೋಡೋ ಹಾಗೆ,
ಬಾಡಿನ ಬೆರಳಲ್ಲಿ ತಟ್ಟಿ.
ಸದ್ದು ಮಂಕಾದ ಕಡೆ
ಒಳಗೆ ಪುಟ್ಟಿ ಮೆತ್ತಿರಬಹುದು.

ಟಾಪ್ ಮುಚ್ಚಿ, ಪೈಪಲ್ಲಿ ನೀರು ಬಿಡಿ.
ಸೀಟು ಒದ್ದೆಯಾಯ್ತಾ?

ತಯಾರಿಕೆ ನಿಂತು ವರ್ಷಗಳೇ ಆದ್ವು.
ಪಾರ್ಟ್ಸ್‌ಗೆ ಊರೂರು ಅಲೀಬೇಕು.

ಇಟ್ಟಿಗೆ ಟ್ರ್ಯಾಕ್ಟರ್ ಹಿಂದೆ ಟಾಪ್ ತೆಗೆದು ಹೋದ್ರೆ,
ಧೂಳು ಫ್ರೀ!

ಮನೆಗೆ ಇದೊಂದೇ ಕಾರು ಅಂದ್ರೆ, ನಾನಂತೂ ಬೇಡ ಅಂತೀನಿ.
ಶೋಕಿಗೆ ಎರಡನೇ ಗಾಡಿನಾ? ನೋಡಬಹುದು.

ಆದ್ರೆ ಅಡ್ವಾನ್ಸ್ ಕೊಡೋ ಮುಂಚೆ ಆರ್‌ಸಿ ತೆಗೆಸಿ ನೋಡಿ.
15 ವರ್ಷ ದಾಟಿದ್ರೆ, ರಿನ್ಯೂವಲ್ ಆಗಿದೆಯಾ?