ನಿಮಗಿದು ಗೊತ್ತೆ? ಬೆಳಕಿಗಿಂತ ಮೊದಲೇ ಬಂತು ನಕ್ಷತ್ರದ ಸಾವಿನ ಸುದ್ದಿ

1987ರ ಫೆಬ್ರುವರಿ 23–24ರ ರಾತ್ರಿ. ಚಿಲಿ ದೇಶದ ಲಾಸ್ ಕಂಪಾನಸ್ ವೀಕ್ಷಣಾಲಯದಲ್ಲಿ ಖಗೋಳವೀಕ್ಷಕ ಇಯನ್ ಶೆಲ್ಟನ್ ತಾವು ತೆಗೆದ ಚಿತ್ರದಲ್ಲಿ ಇರಬಾರದ ಚುಕ್ಕೆಯೊಂದನ್ನು ಕಂಡರು. ಹೊರಬಂದು ನೋಡಿದರೆ ಅದು ಬರಿಗಣ್ಣಿಗೇ ಕಾಣುತ್ತಿತ್ತು! ಸುಮಾರು 1,68,000 ಜ್ಯೋತಿರ್ವರ್ಷ ದೂರದ ದೊಡ್ಡ ಮೆಗೆಲಾನಿಕ್ ಮೋಡದಲ್ಲಿ ನೀಲಿ ಮಹಾದೈತ್ಯ ನಕ್ಷತ್ರವೊಂದು ಸಿಡಿದಿತ್ತು.

ಇಂಥ ನಕ್ಷತ್ರದ ಒಡಲಲ್ಲಿ ಧಾತುಗಳು ಬೆಸೆಯುತ್ತ ಬೆಸೆಯುತ್ತ ಕೊನೆಗೆ ಕಬ್ಬಿಣವಾಗುತ್ತವೆ. ಕಬ್ಬಿಣ ಬೆಸೆದರೆ ಶಕ್ತಿ ಹುಟ್ಟದು. ಒಲೆ ಆರಿತೆಂದರೆ ಮುಗಿಯಿತು: ತಿರುಳು ಒಂದು ಸೆಕೆಂಡಿನೊಳಗೆ ಕುಸಿಯುತ್ತದೆ. ಆಗ ಹೊಮ್ಮುವ ಶಕ್ತಿಯ ಶೇ 99ರಷ್ಟನ್ನು ನ್ಯೂಟ್ರಿನೊ ಕಣಗಳು ಹೊತ್ತೊಯ್ಯುತ್ತವೆ. ಮಿಕ್ಕ ಶೇ 1ರಷ್ಟೇ ಇಡೀ ನಕ್ಷತ್ರವನ್ನು ಚಿಂದಿ ಮಾಡಲು ಸಾಕು.

ಈ ಕುಸಿತದಿಂದ ಎದ್ದ ಆಘಾತದ ಅಲೆ ನಕ್ಷತ್ರದ ಮೇಲ್ಮೈ ತಲುಪುವವರೆಗೆ ಬೆಳಕು ಹೊರಬರಲಾರದು. ವಸ್ತುವಿನ ಮೂಲಕ ಸಲೀಸಾಗಿ ಹಾದುಹೋಗುವ ನ್ಯೂಟ್ರಿನೊಗಳಿಗೆ ಆ ತಡೆಯಿಲ್ಲ. ಹಾಗಾಗಿ ಬೆಳಕಿಗಿಂತ ಎರಡು–ಮೂರು ಗಂಟೆ ಮೊದಲೇ ಅವು ಭೂಮಿಗೆ ಬಂದವು. ಜಪಾನಿನ ಗಣಿಯೊಂದರ ಆಳದಲ್ಲಿದ್ದ ಕಮಿಯೊಕಾಂಡೆ ನೀರಿನ ತೊಟ್ಟಿಯಲ್ಲಿ 11 ಸಿಕ್ಕವು. ಅದನ್ನು ಕಟ್ಟಿದ್ದು ಪ್ರೋಟಾನ್ ಒಡೆಯುತ್ತದೆಯೇ ಎಂದು ನೋಡಲು; ಅದಂತೂ ಇಂದಿಗೂ ಕಂಡಿಲ್ಲ. ಆದರೇನು, ಈ ಬೆರಳೆಣಿಕೆಯ ಕಣಗಳು ಆ ಪ್ರಯೋಗದ ಮುಂದಾಳು ಮಸತೋಶಿ ಕೊಶಿಬಾ ಅವರಿಗೆ 2002ರಲ್ಲಿ ನೊಬೆಲ್ ತಂದುಕೊಟ್ಟವು.

ಸ್ಫೋಟದಲ್ಲಿ ಹುಟ್ಟಿದ ವಿಕಿರಣಶೀಲ ನಿಕ್ಕಲ್ ಮೊದಲು ಕೋಬಾಲ್ಟ್ ಆಗಿ, ಆಮೇಲೆ ಕಬ್ಬಿಣವಾಯಿತು. ತಿಂಗಳುಗಟ್ಟಲೆ ಆ ಅವಶೇಷ ಬೆಳಗಿದ್ದು ಇದರಿಂದಲೇ. ಹೀಗೆ ಬಾಹ್ಯಾಕಾಶಕ್ಕೆ ಚೆಲ್ಲಿದ ಕಬ್ಬಿಣದ ತೂಕ 20,000 ಭೂಮಿಗಳಿಗಿಂತ ಹೆಚ್ಚು.