ಹೆಚ್ಚು ಓಡಿದ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟಾಗ

ಮಾನ್ಯ ಗ್ರಾಮ ಪಂಚಾಯಿತಿ ಸದಸ್ಯರೇ,

ಗ್ರಾಮದಲ್ಲಿ ಸದಸ್ಯರ ಕಾರು ಅವರೊಬ್ಬರದೇ ಆಗಿ ಉಳಿಯುವುದಿಲ್ಲವೆಂಬುದು ತಮಗೆ ತಿಳಿದೇ ಇದೆ. ರಾತ್ರಿ ಯಾರಿಗಾದರೂ ಎದೆನೋವು ಕಾಣಿಸಿಕೊಂಡಲ್ಲಿ, 108 ವಾಹನ ಬರುವವರೆಗೆ ಕಾಯಲಾರದವರು ತಟ್ಟುವುದು ಸದಸ್ಯರ ಮನೆಯ ಬಾಗಿಲನ್ನೇ. ಈಚೆಗೆ ನಮ್ಮ ಹಳ್ಳಿಗಳಿಗೂ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರುಗಳು ಬರುತ್ತಿರುವುದರಿಂದ ಈ ವಿವರಣೆ ಅಗತ್ಯವೆನಿಸಿತು.

ಕಳೆದ ಬೇಸಿಗೆಯಲ್ಲಿ ಕಮಲಾಪುರ ತಾಲ್ಲೂಕಿನ ಸದಸ್ಯರೊಬ್ಬರು ರೋಗಿಯೊಬ್ಬರನ್ನು ಕಲಬುರಗಿಗೆ ಕರೆದೊಯ್ಯುತ್ತಿದ್ದಾಗ, ಮಹಾಗಾಂವ್ ಕ್ರಾಸ್ ಬಳಿ ಕಾರು ನಿಂತಿತು. ಅದು ಅದಾಗಲೇ 1,72,000 ಕಿ.ಮೀ. ಓಡಿತ್ತು. "ಎಂಜಿನ್ ಬರೇ ಒದರಲತ್ತದ ಸರ್, ಗಾಡಿ ಮುಂದ ಹೋಗವಲ್ದು" ಎಂದು ನನಗೆ ದೂರವಾಣಿ ಮಾಡಿದರು. ರೋಗಿಯನ್ನು ಹಿಂದೆ ಬಂದ ಜೀಪಿನಲ್ಲಿ ಕಳುಹಿಸಲಾಯಿತು. ಅವರು ಸಕಾಲಕ್ಕೆ ಆಸ್ಪತ್ರೆ ಸೇರಿದರು. ಕಾರಿನ ವಿಷಯದಲ್ಲಿ ನಾನು ಕೊಟ್ಟ ಸಲಹೆ ಮಾತ್ರ ತಪ್ಪಾಗಿತ್ತು. ನ್ಯೂಟ್ರಲ್‌ಗೆ ಹಾಕಿ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಮಲಾಪುರಕ್ಕೆ ಎಳೆದು ತರುವಂತೆ ಹೇಳಿದೆ. ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಎಂಜಿನಿಯರ್ ಹೇಳಿದರೆಂದು ಅವರು ನಂಬಿದರು.

ಕಾರು ನಿಲ್ಲಲು ಕಾರಣ ಬಹಳ ಚಿಕ್ಕದಾಗಿತ್ತು. ಗೇರ್‌ಬಾಕ್ಸಿನ ಆಯಿಲನ್ನು ತಂಪು ಮಾಡಲು ಒಯ್ಯುವ ರಬ್ಬರ್ ಪೈಪು ಹಳತಾಗಿ ಬಿರುಕು ಬಿಟ್ಟು, ಆಯಿಲ್ ದಾರಿಯುದ್ದಕ್ಕೂ ಸೋರಿಹೋಗಿತ್ತು. ಆ ಕಾರಿನಲ್ಲಿದ್ದುದು ಟಾರ್ಕ್ ಕನ್ವರ್ಟರ್ ಎಂಬ ಬಗೆಯ ಗೇರ್‌ಬಾಕ್ಸ್. ಇದರಲ್ಲಿ ಎಂಜಿನ್ನಿನ ಬಲವನ್ನು ಮುಂದಕ್ಕೆ ದಾಟಿಸುವುದು, ಒಳಗಿನ ಕ್ಲಚ್ಚುಗಳನ್ನು ಒತ್ತಿ ಹಿಡಿಯುವುದು, ಬೇರಿಂಗುಗಳನ್ನು ತೋಯಿಸುವುದು, ಎಲ್ಲವೂ ಒಂದೇ ಆಯಿಲಿನ ಕೆಲಸ. ಆಯಿಲ್ ಕಡಿಮೆಯಾದರೆ ಎಂಜಿನ್ ಕೂಗುತ್ತದೆ, ಚಕ್ರ ತಿರುಗುವುದಿಲ್ಲ. ಆ ಹಂತದಲ್ಲಿ ಪೈಪು ಮತ್ತು ಹೊಸ ಆಯಿಲಿಗೆ ಕೆಲವು ಸಾವಿರ ರೂಪಾಯಿ ಸಾಕಾಗುತ್ತಿತ್ತು.

ಆಯಿಲನ್ನು ಹರಿಸುವ ಪಂಪು ತಿರುಗುವುದು ಎಂಜಿನ್ನಿನಿಂದ. ಎಂಜಿನ್ ಬಂದ್ ಮಾಡಿ ಕಾರನ್ನು ಎಳೆದಾಗ, ಚಕ್ರಗಳ ಜೊತೆ ಗೇರ್‌ಬಾಕ್ಸಿನ ಒಳಭಾಗಗಳು ತಿರುಗುತ್ತವೆ, ಪಂಪು ಮಾತ್ರ ತಿರುಗುವುದಿಲ್ಲ. ಮೊದಲೇ ಆಯಿಲ್ ಇಲ್ಲದ ಡಬ್ಬಿಯನ್ನು ಅಷ್ಟು ದೂರ ಹಾಗೆಯೇ ತಿರುಗಿಸಿದೆವು. ಬೇರಿಂಗುಗಳು ಸುಟ್ಟವು. ಕಲಬುರಗಿಯ ಗ್ಯಾರೇಜೊಂದರಲ್ಲಿ ಬಿಚ್ಚಿ ದುರಸ್ತಿ ಮಾಡಿಸಲು ಸದಸ್ಯರಿಗೆ 85 ಸಾವಿರ ರೂಪಾಯಿ ಖರ್ಚಾಯಿತು. ಈ ಲೇಖನದ ಮೂಲ ಅದೇ.

ಆದ್ದರಿಂದ ಇಂಥ ಕಾರು ನಿಂತಲ್ಲಿ ಹಗ್ಗ ಕಟ್ಟಿ ಎಳೆಯಬಾರದು. ಕಾರನ್ನು ಪೂರ್ತಿ ಮೇಲೆ ಹೇರಿಕೊಳ್ಳುವ ವಾಹನವನ್ನೇ ಕರೆಸಬೇಕು. ಅದು ಸಿಗದಿದ್ದಲ್ಲಿ, ಎಂಜಿನ್ ಯಾವ ಚಕ್ರಗಳನ್ನು ತಿರುಗಿಸುತ್ತದೆಯೋ ಅವನ್ನಾದರೂ ನೆಲದಿಂದ ಎತ್ತಿರಬೇಕು. ತಳ್ಳಿ ಸ್ಟಾರ್ಟ್ ಮಾಡುವ ಪ್ರಯತ್ನವೂ ಇಲ್ಲಿ ನಡೆಯುವುದಿಲ್ಲ. ಎಕ್ಸಲೇಟರ್ ಒತ್ತುತ್ತ "ಹೇಗಾದರೂ ಮನೆ ಮುಟ್ಟೋಣ" ಎನ್ನುವುದು ಕ್ಲಚ್ಚುಗಳನ್ನು ಕೈಯಾರೆ ಸುಟ್ಟಂತೆ.

ಎಲ್ಲ ಆಟೋಮ್ಯಾಟಿಕ್ ಕಾರುಗಳೂ ಒಂದೇ ಬಗೆಯವಲ್ಲ. ನಮ್ಮ ಕಡೆ ಅಗ್ಗದ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಇದು ನಮ್ಮ ದೇಶದಲ್ಲಿ ಜನಪ್ರಿಯವಾಯಿತು. ಇದರ ಒಳಗಿರುವುದು ಸಾಮಾನ್ಯ ಕಾರಿನ ಗೇರು, ಸಾಮಾನ್ಯ ಕ್ಲಚ್ಚು. ಕಾಲು ಮತ್ತು ಕೈ ಮಾಡುವ ಕೆಲಸವನ್ನು ಆಕ್ಚುಯೇಟರ್ ಎಂಬ ಸಾಧನ ಮಾಡುತ್ತದೆ. ಗೇರು ಬೀಳದೆ ಮೀಟರಿನಲ್ಲಿ ಎಚ್ಚರಿಕೆ ದೀಪ ಬಂದಲ್ಲಿ, ತೊಂದರೆ ಸವೆದ ಕ್ಲಚ್ಚಿನದೋ, ಆಕ್ಚುಯೇಟರಿನದೋ, ಕೆಲವೊಮ್ಮೆ ಬರಿಯ ದುರ್ಬಲ ಬ್ಯಾಟರಿಯದೋ ಆಗಿರಬಹುದು. ಇಡೀ ಗೇರ್‌ಬಾಕ್ಸ್ ಬದಲಿಸಬೇಕೆಂದು ಯಾರಾದರೂ ಹೇಳಿದರೆ ಕಾರಣ ಕೇಳಬೇಕು. ಸಿವಿಟಿ ಎಂಬ ಬಗೆಯಲ್ಲಿ ಗೇರುಗಳ ಬದಲು ಎರಡು ರಾಟೆ, ನಡುವೆ ಉಕ್ಕಿನ ಪಟ್ಟಿ ಇರುತ್ತದೆ. ಅದಕ್ಕೆ ಅದರದೇ ಆಯಿಲ್ ಬೇಕು, ಬೇರೆಯದನ್ನು ಹಾಕಿದರೆ ಪಟ್ಟಿ ಜಾರಿ ಹಾಳಾಗುತ್ತದೆ. ಜೋಡಿ ಕ್ಲಚ್ಚಿನ ಕಾರುಗಳಲ್ಲಿ ಒಣ ಕ್ಲಚ್ಚು ಇರುವಂಥವು ಆಮೆವೇಗದ ಸಂಚಾರದಲ್ಲಿ ಬೇಗ ಕಾಯುತ್ತವೆ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಸಿಕ್ಕಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. (ಪಂಚಾಯಿತಿಯ ಕಸದ ವಾಹನಗಳು ಕೈಗೇರಿನವಾದರೆ ಮೇಲಿನ ಮಾತುಗಳು ಅವಕ್ಕೆ ಅನ್ವಯಿಸುವುದಿಲ್ಲ.)

ಗೇರ್‌ಬಾಕ್ಸ್ ಮುನ್ಸೂಚನೆ ಕೊಡದೆ ಕೈಕೊಡುವುದು ವಿರಳ. ಡ್ರೈವ್‌ಗೆ ಹಾಕಿದ ಮೇಲೆ ಕಾರು ಒಂದೆರಡು ಕ್ಷಣ ತಡೆದು ಹೊರಡುವುದು, ಗೇರ್ ಬದಲಾಗುವಾಗ ಧಕ್ಕೆ ಹೊಡೆಯುವುದು, ನಿಲ್ಲಿಸಿದ ಜಾಗದಲ್ಲಿ ಕೆಂಪು ಅಥವಾ ಕಂದು ಕಲೆ ಕಾಣುವುದು, ಇವುಗಳಲ್ಲಿ ಒಂದು ಕಂಡರೂ ತಪಾಸಣೆ ಮಾಡಿಸತಕ್ಕದ್ದು. ಮೊದಲು ಆಯಿಲಿನ ಮಟ್ಟ ಮತ್ತು ವಾಸನೆ, ಅನಂತರ ಸ್ಕ್ಯಾನರ್ ಹಚ್ಚಿ ದೋಷಸಂಖ್ಯೆ. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದು ಅದರಲ್ಲಿ ಲೋಹದ ಚೂರುಗಳಿದ್ದರೆ, ಆಯಿಲ್ ಬದಲಾವಣೆಯಿಂದ ಅದು ಉಳಿಯುವುದಿಲ್ಲ. ಆ ಭರವಸೆಗೆ ಹಣ ಕೊಡಬೇಡಿ. "ಈ ಆಯಿಲ್ ಕಾರಿನ ಆಯುಷ್ಯದುದ್ದಕ್ಕೂ ಬರುತ್ತದೆ" ಎಂಬ ಮಾತನ್ನೂ ನಮ್ಮ ಬಿಸಿಲಿನಲ್ಲಿ ನಾನು ಒಪ್ಪಲಾರೆ. ಮಾಲೀಕರ ಕೈಪಿಡಿಯಲ್ಲಿ ಕಠಿಣ ಬಳಕೆಗೆ ಬೇರೆ ಅವಧಿ ಕೊಟ್ಟಿದ್ದರೆ ಅದನ್ನೇ ಪಾಲಿಸುವುದು ಒಳ್ಳೆಯದು.

ಇನ್ನು ಖರ್ಚಿನ ಮಾತು. ದುರಸ್ತಿ, ಬಿಚ್ಚಿ ಸರಿಪಡಿಸಿದ ಬೇರೆ ಗೇರ್‌ಬಾಕ್ಸ್, ಅಪಘಾತಗೊಂಡ ಕಾರಿನಿಂದ ತೆಗೆದದ್ದು, ಹೊಸದು ಎಂದು ನಾಲ್ಕು ದಾರಿಗಳಿವೆ. ಅಪಘಾತದ ಕಾರಿನದು ಅಗ್ಗವಾದರೂ, ಎಷ್ಟು ಓಡಿದೆಯೆಂಬುದಕ್ಕೆ ದಾಖಲೆ ಸಿಗುವುದು ಅಪರೂಪ. ದುರಸ್ತಿಯ ವೆಚ್ಚ ಆ ಕಾರಿಗೆ ಇಂದು ಬರುವ ಬೆಲೆಯ ಅರ್ಧವನ್ನು ದಾಟಿದರೆ ಮಾರುವುದೇ ಲೇಸೆಂಬುದು ನನ್ನ ಅಭಿಪ್ರಾಯ. ಕೊಳ್ಳುವವರಿಗೆ ದೋಷವನ್ನು ಮುಚ್ಚಿಡದೆ ತಿಳಿಸಿ ಮಾರತಕ್ಕದ್ದು. ಊರಿನಲ್ಲಿ ನಾಳೆ ಮತ್ತೆ ಮುಖ ನೋಡಬೇಕಾದವರು ನಾವು.

ಯಾವ ದಾರಿ ಹಿಡಿದರೂ ಕೆಲಸಕ್ಕೆ ಮುನ್ನ ಲಿಖಿತ ಅಂದಾಜು, ಕೆಲಸದ ನಂತರ ಜಿಎಸ್‌ಟಿ ಬಿಲ್ಲು, ವಾರಂಟಿಯ ಅವಧಿ ಬರೆದ ಕಾಗದ ಮತ್ತು ತೆಗೆದ ಹಳೆಯ ಬಿಡಿಭಾಗಗಳನ್ನು ಕೇಳಿ ಪಡೆಯಬೇಕು. ಬಾಯಿಮಾತಿನ ವಾರಂಟಿಗೆ ಸಾಕ್ಷಿಯಿರುವುದಿಲ್ಲ. ಸೇವೆಯಲ್ಲಿ ಲೋಪವಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲು ಇದೇ ಕಾಗದಗಳು ಬೇಕಾಗುತ್ತವೆ.